ಕಾಲು ತೊಳೆಯುವ ನೀರು

ಲಕ್ಷ್ಮಣ ಸ್ಪ್ಯಾನರನ್ನು ಮತ್ತೊಮ್ಮೆ ತಿರುಗಿಸಿದ. ಎರಡು ವರ್ಷದ ಹಿಂದೆ ತಾನೇ ಈ ಮನೆಯ ನಲ್ಲಿ ಪೈಪಿಗೆ ಬಿಗಿದಿದ್ದ ಮುಚ್ಚಳ ಜಗ್ಗಲಿಲ್ಲ. ಬೆನ್ನ ಹಿಂದೆ, ಬೆಂಚಿನ ಮೇಲೆ, ಮಂಚಮ್ಮನ ಹೆಣ ಸ್ನಾನಕ್ಕೆ ಕಾದಿತ್ತು.

"ನಮ್ಮನೆಯಿಂದ ನಾಕು ಬಿಂದ್ಗೆ ತಂದು ಉಯ್ದ್ರಾಯ್ತು, ಒತ್ತಾಯ್ತದೆ," ಎಂದಳು ಪಕ್ಕದ ಮನೆಯ ಪಾರ್ವತಮ್ಮ.

"ಬ್ಯಾಡ ಕಣತ್ತೆ." ಮಂಚಮ್ಮನ ಮಗಳು ಶ್ವೇತ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಎಲ್ಡು ವರ್ಸ ಅವರಿವರ ಬಾಗ್ಲಲ್ಲಿ ಬಿಂದ್ಗೆ ಇಡ್ಕೊಂಡು ನಿಂತ್ಲು ನಮ್ಮವ್ವ. ಓಗೋವಾಗ್ಲಾದ್ರೂ ನಮ್ ನಲ್ಲಿ ನೀರು ಬೀಳ್ಲಿ."

ತೊಣ್ಣೂರು ಕೆರೆ ಕಣ್ಣಳತೆಯಲ್ಲಿದ್ದೂ ಬಿಂದಿಗೆ ನೀರಿಗೆ ಬಾಯಿಬಿಡುವ ಊರು ಅದು. ಎದುರು ಮನೆಯ ಹೊನ್ನಪ್ಪನವರು ಇವತ್ತು ಪಾಪ, ನಲ್ಲಿ ನೀರೆಳೆಯುವ ತಮ್ಮ ಮೋಟಾರು ಆಫ್ ಮಾಡಿಯೇ ಸಾವಿಗೆ ಬಂದಿದ್ದರು. ಮುಚ್ಚಳ ಕೊನೆಗೂ ಬಿಚ್ಚಿಕೊಂಡಿತು. ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು ಬಂತು. ಹೆಂಗಸರು ಅಳುತ್ತಲೇ ಬಿಂದಿಗೆ ಒಡ್ಡಿದರು. ಲಕ್ಷ್ಮಣ ಮುಚ್ಚಳವನ್ನು ಜೇಬಿಗಿಳಿಸಿದ.

*

ಎರಡು ವರ್ಷದ ಹಿಂದೆ, ಮುಚ್ಚಳ ಬಿಗಿದ ದಿನವೂ ಇಂಥದೇ ಬಿಸಿಲು. ಮಂಚಮ್ಮನ ನೀರಿನ ಕಂದಾಯ ಮೂರು ವರ್ಷದಿಂದ ಬಾಕಿ ಇತ್ತು.

"ಹೊನ್ನಪ್ಪೋರು ಪೈಪಿಗೇ ಮೋಟ್ರು ಆಕವ್ರೆ. ಅಸ ತೊಳೀತಾರೆ, ಕಾರು ತೊಳೀತಾರೆ. ಮಿಕ್ರೆ ನಂಗೆ ನಾಕು ಬಿಂದ್ಗೆ. ಕಂದಾಯ ಮಾತ್ರ ಇಬ್ರಿಗೂ ಒಂದೇಯಾ? ನೀನೇ ನ್ಯಾಯ ಯೋಳ್ಲಾ, ಲಕ್ಷ್ಮಣ," ಎಂದಿದ್ದಳು ಮಂಚಮ್ಮ.

"ನಾನೇನ್ ಮಾಡ್ಲಿ ದೊಡ್ಡವ್ವ, ಪಂಚಾಯ್ತಿಯೋರು ಲಿಸ್ಟು ಕೊಟ್ಟವ್ರೆ."

"ಆ ಮೋಟ್ರು ಲಿಸ್ಟಲ್ಲಿ ಇಲ್ವಾ?"

ಇರಲಿಲ್ಲ. ಹೊನ್ನಪ್ಪನವರ ಒಂದು ಮಾತಿನ ಮೇಲೆ ಲಕ್ಷ್ಮಣನ ನೀರುಗಂಟಿ ಕೆಲಸ ನಿಂತಿತ್ತು. ಅವನು ತಲೆ ಎತ್ತದೆ ಮುಚ್ಚಳ ಬಿಗಿದ. ಎದ್ದಾಗ ಮಂಚಮ್ಮ ಲೋಟ ಹಿಡಿದು ನಿಂತಿದ್ದಳು.

"ಮಜ್ಜಿಗೆ ಕುಡಿ, ಬಿಸ್ಲಲ್ಲಿ ಬಂದಿದ್ದೀಯ. ಇನ್ಮೇಲೆ ನಮ್ಮನೇಲಿ ಗಟ್ಟಿ ಮಜ್ಜಿಗೇನೇ. ಬೆರ್ಸಕೆ ನೀರೆಲ್ಲೈತೆ?"

ಅವಳು ನಕ್ಕಳು. ಅವನು ಕುಡಿದ. ಅವಳ ಮುಖ ನೋಡದೆ ಲೋಟ ವಾಪಸು ಕೊಟ್ಟ.

*

ಮಣ್ಣು ಮಾಡಿ ಬಂದವರು ಮಂಚಮ್ಮನ ನಲ್ಲಿಯಲ್ಲಿ ಕಾಲು ತೊಳೆದು, ದೀಪ ನೋಡಿ ಹೊರಟರು. ಹೊನ್ನಪ್ಪನವರು ಹಿಮ್ಮಡಿ ಉಜ್ಜಿ ಉಜ್ಜಿ ತೊಳೆದರು. "ಪುಣ್ಯಾತ್ಗಿತ್ತಿ, ಯಾರ್ಗೂ ಒಂದ್ಮಾತು ಅಂದೋಳಲ್ಲ," ಎಂದು ರಸ್ತೆ ದಾಟಿ ಮನೆ ಸೇರಿದರು.

ಲಕ್ಷ್ಮಣ ಕೊನೆಯವನು. ಅವನು ಕಾಲೊಡ್ಡುವ ಹೊತ್ತಿಗೆ ಎದುರು ಮನೆಯಲ್ಲಿ ಮೋಟಾರು ಗುಂಯ್ ಎಂದಿತು. ನಲ್ಲಿಯ ನೀರು ದಾರದಷ್ಟಾಯಿತು, ಹನಿಯಾಯಿತು, ನಿಂತಿತು.

"ತಾಳಣ್ಣ, ಅವ್ವುಂಗೆ ಉಯ್ದು ಮಿಕ್ಕಿದ್ದು ಅರ್ಧ ಬಿಂದ್ಗೆ ಐತೆ," ಎಂದಳು ಶ್ವೇತ, ಬಾಗಿಲಿನಿಂದ.

"ಬ್ಯಾಡ ಕಣವ್ವ. ಅದು ಅಂಗೇ ಇರ್ಲಿ."

ಮಣ್ಣು ಮಾಡಿ ಬಂದ ಕಾಲು ತೊಳೆಯದೆ ಯಾರ ಹೊಸ್ತಿಲನ್ನೂ ತುಳಿಯಬಾರದು. ಊರಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು ಅದು.

ಲಕ್ಷ್ಮಣ ಸ್ಪ್ಯಾನರ್ ಎತ್ತಿಕೊಂಡು ರಸ್ತೆ ದಾಟಿದ. ಜೇಬಿನಿಂದ ಮುಚ್ಚಳ ತೆಗೆದು ಮೋಟಾರಿನ ಸದ್ದಿನ ಕಡೆಗೆ ನಡೆದ. ಹೊನ್ನಪ್ಪನವರ ಬಿಳಿ ಟೈಲ್ಸಿನ ಮೆಟ್ಟಿಲ ಮೇಲೆ ಒಂದರ ಹಿಂದೊಂದು ಮಸಣದ ಕೆಮ್ಮಣ್ಣಿನ ಹೆಜ್ಜೆಗಳು ಮೂಡುತ್ತ ಹೋದವು.