ಅರ್ಧ ಒರೆಸಿದ ಕಾರು

ಹಸಿರು, ಇದು ಹಸಿರೇ, ಕೆಸರಲ್ಲ, ಕೆಸರಾಗಿದ್ದರೆ ಸೋಪುನೀರಿಗೆ ಇಳಿದು ಹೋಗಬೇಕಿತ್ತು, ಇದು ಗಟ್ಟಿಯಾಗಿ ಕೂತುಬಿಟ್ಟಿದೆ, ಎಡಗಡೆ ಹಿಂದಿನ ಬಾಗಿಲಿಂದ ಚಕ್ರದ ಮೇಲಿನವರೆಗೆ ಒಂದು ಗೀಟು, ಅದರ ಕೆಳಗೆ ಇನ್ನೊಂದು, ಅದಕ್ಕಿಂತ ಹಳೆಯದು ಮತ್ತೊಂದು, ಉಗುರಲ್ಲಿ ಕೆರೆದರೆ ಪುಡಿ ಬರುತ್ತೆ — ಯಾವನೋ ದರಿದ್ರದವನು ಉಜ್ಜಿಕೊಂಡು ಹೋಗಿದ್ದಾನೆ, ಒಂದು ಸಲ ಅಲ್ಲ, ಬಂದು ಬಂದು ಉಜ್ಜಿದ್ದಾನೆ, ಕೈಗೆ ಸಿಗಲಿ ಅವನು. ಪಾಲಿಷ್ ಹಚ್ಚಿ ತಿಕ್ಕಿದೆ, ಮೇಲಿನದು ಸ್ವಲ್ಪ ಮಸುಕಾಯಿತು, ಕೆಳಗಿನದು ಬಣ್ಣ ದಾಟಿ ತಗಡಿಗೇ ಇಳಿದಿದೆ, ಇದರ ಮೇಲೆ ಮಂಜು ಕೂತರೆ ಚಳಿಗಾಲ ಮುಗಿಯೋದರೊಳಗೆ ತುಕ್ಕು ತಿನ್ನುತ್ತೆ, ತಗಡಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಬೆಳಗಾದರೆ ನನಗೆ ವೆಲ್ಡಿಂಗೇ. ಕೈಬೆರಳು ನೀರಲ್ಲಿ ಮರಗಟ್ಟುತ್ತಿದೆ. ಪ್ರತಿ ವರ್ಷ ಚಳಿ ಹಿಡಿಯೋ ಮೊದಲು ಇದೇ ಕೆಲಸ, ತೊಳೆಯೋದು ತಿಕ್ಕೋದು ನಾನು, ಹೊಳಪಿಗೆ ವ್ಯಾಕ್ಸ್ ಹಚ್ಚೋದು ಅಣ್ಣ, ಆ ಡಬ್ಬಿ ಮುಟ್ಟೋಕೆ ನನಗೆ ಹಕ್ಕಿಲ್ಲ, ನಿನ್ನ ಕೈ ಸುತ್ತಿಗೆ ಹಿಡಿಯೋ ಕೈ ಕಣೋ, ಗಾಡಿ ಮೈ ಸವರೋ ಕೈಯಲ್ಲ ಅಂತಾನೆ, ನೆರಳಲ್ಲೇ ಹಚ್ಚಬೇಕಂತೆ, ಹಿಂದಿನಿಂದ ಶುರು ಮಾಡಬೇಕಂತೆ, ಬಿಳಿಯಾಗಿ ಒಣಗೋವರೆಗೆ ಕಾಯಬೇಕಂತೆ, ಆಮೇಲೆ ಹಳೇ ಬನಿಯನ್ನಲ್ಲಿ ಒರೆಸಬೇಕಂತೆ, ಬನಿಯನ್ ನೆಲಕ್ಕೆ ಬಿದ್ದರೆ ಅದು ಸತ್ತ ಹಾಗೆ, ಮತ್ತೆ ಮುಟ್ಟೋ ಹಾಗಿಲ್ಲ, ಒಂದು ಮರಳಿನ ಕಣ ಸಾಕು. ಬಾಣಂತಿಗೆ ಎಣ್ಣೆ ಹಚ್ಚೋ ಹಾಗೆ ಹಚ್ಚುತ್ತಾರೆ ನಿಮ್ಮಣ್ಣ, ನನಗೊಂದು ದಿನ ತಲೆಗೆ ಎಣ್ಣೆ ಹಾಕಿದ್ದು ನೋಡಿಲ್ಲ ಅಂತ ಅತ್ತಿಗೆ. ಈಗಲೂ ಅಲ್ಲಿ ಹಿಂದೆ ನಿಂತು ಏನೋ ಗುನುಗುತ್ತಾ ಒರೆಸುತ್ತಿದ್ದಾನೆ, ಬಸ್ಸು ಓಡಿಸುವಾಗಿನ ಗುನುಗು, ಜೀವಮಾನವಿಡೀ ಬಸ್ಸು ಓಡಿಸಿದ, ಒಂದು ಕೋಳಿಮರಿ ಚಕ್ರಕ್ಕೆ ಸಿಗಲಿಲ್ಲ, ಅದನ್ನ ದಿನಕ್ಕೊಮ್ಮೆ ಯಾರಿಗಾದರೂ ಹೇಳದಿದ್ದರೆ ಅವನಿಗೆ ಅನ್ನ ಸೇರಲ್ಲ.

ಹಸಿರು. ಮೇಷ್ಟ್ರ ಸ್ಕೂಟರ್ ಹಸಿರು, ಪಕ್ಕದ ಮನೆ ಮೇಷ್ಟ್ರು, ಹೋದ ತಿಂಗಳು ಮೊದಲನೇ ಗೀಟು ಕಂಡಾಗ ನೇರ ಅವರ ಬಾಗಿಲಿಗೇ ಹೋಗಿದ್ದೆ, ಮೇಷ್ಟ್ರೇ ಕಣ್ಣು ಎಲ್ಲಿಟ್ಕೊಂಡು ಗಾಡಿ ಓಡಿಸ್ತೀರಿ, ಅವರು ಕನ್ನಡಕ ಏರಿಸಿ ನನ್ನ ನೋಡಿ, ನನ್ನ ಸ್ಕೂಟರ್ ಸ್ಟಾರ್ಟ್ ಆದ್ರೆ ನಾನೇ ನಿಂಗೆ ಹಾರ ಹಾಕ್ತೀನಿ ಕಣಯ್ಯ, ಅದರ ಸೀಟಿನ ಮೇಲೆ ಬೆಕ್ಕು ಮರಿ ಹಾಕಿದೆ ಬಂದು ನೋಡು ಅಂದರು, ನಿಜವಾಗಿಯೂ ಹಾಕಿತ್ತು. ಬೀದಿಯವರೆಲ್ಲ ನಕ್ಕರು. ಅತ್ತಿಗೆ ನನಗೆ ಸಿಡಿಮದ್ದು ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಅವತ್ತು ನಾನು ವಾಪಸ್ ಬರುವಾಗ ಮೇಷ್ಟ್ರು ಇನ್ನೇನೋ ಅಂದರು, ಏನು ಅಂದರು — ಹಾಂ, ನಿಮ್ಮಣ್ಣಂಗೆ ನನ್ನ ಮೇಲೆ ಏನಯ್ಯಾ ಕೋಪ, ಗೇಟಿನ ಹತ್ರ ನಿಂತು ನಮಸ್ಕಾರ ಅಂತೀನಿ, ಕಲ್ಲಿನ ಹಾಗೆ ದಾಟಿ ಹೋಗ್ತಾರೆ, ನಾನೇನು ಮಾಡಿದೆ. ಕೋಪವೂ ಇಲ್ಲ ಏನೂ ಇಲ್ಲ, ಕಿವಿ ಮಂದ ಆಗಿರಬೇಕು ಅಂದುಕೊಂಡೆ. ಮೇಷ್ಟ್ರ ಗೇಟು ನಮ್ಮ ಮನೆಯಿಂದ ಹೊರಟರೆ ಎಡಗಡೆ. ಗೇಟು. ನಮ್ಮ ಗೇಟು. ಇದು ಸ್ಕೂಟರಿನ ಹಸಿರಲ್ಲ, ಅದು ಪಾಚಿಯ ಹಾಗೆ ಕಪ್ಪು ಹಸಿರು, ಇದು ಗಿಳಿಹಸಿರು, ಅತ್ತಿಗೆ ಆರಿಸಿದ್ದು, ನಾನೇ ಕತ್ತರಿಸಿ ನಾನೇ ಬೆಸೆದು ನಾನೇ ಬಳಿದ ಗೇಟು, ಅದರ ಕೊಂಡಿ ನೆಲದಿಂದ ಎಷ್ಟು ಎತ್ತರ ಇದೆ ಅಂತ ನನ್ನ ಸೊಂಟಕ್ಕೆ ಗೊತ್ತು, ಗೀಟು ಅದೇ ಎತ್ತರಕ್ಕಿದೆ, ಕೆಳಗಿನ ಗೀಟು ಕೆಳಗಿನ ಪಟ್ಟಿಯದು. ಹೊರಗಿನವನು ಯಾರೂ ಇಲ್ಲ. ಒಳಗೆ ತರುವಾಗ ಹೊರಗೆ ತೆಗೆಯುವಾಗ ಅಣ್ಣನೇ. ಕತ್ತಲೆ ಗಲ್ಲಿಯಲ್ಲಿ ಬಸ್ಸು ಹಿಂದಕ್ಕೆ ತೆಗೆದು ಕಂಬಕ್ಕೂ ಬಸ್ಸಿಗೂ ನಡುವೆ ಅಂಗೈ ತೂರಿಸಿ ತೋರಿಸುತ್ತಿದ್ದವನು, ಇಷ್ಟು ಅಗಲದ ಗೇಟಲ್ಲಿ, ಬಂದು ಬಂದು, ಅದೂ ಎಡಗಡೆ ಮಾತ್ರ — ಬಲಗಡೆ ಹೋಗಿ ನೋಡಿದೆ, ಒಂದು ಕೂದಲಿನಷ್ಟು ಗೀಟಿಲ್ಲ.

ಲೋ, ಬಾರೋ ಇಲ್ಲಿ, ಮುಖ ನೋಡ್ಕೋ ಅಂತ ಕರೆಯುತ್ತಿದ್ದಾನೆ, ಹಿಂದುಗಡೆ ಮುಗೀತು, ಕನ್ನಡಿ ಬೇಕಾಗಿಲ್ಲ, ಇದರಲ್ಲೇ ತಲೆ ಬಾಚ್ಕೋಬಹುದು, ನಿಂಗೆ ತಲೇಲಿ ಕೂದಲಿದ್ರೆ. ಹೋದೆ. ಡಿಕ್ಕಿಯ ಬಲಗಡೆ ಅರ್ಧ ನಿಜವಾಗಿಯೂ ಕನ್ನಡಿ, ಅದರಲ್ಲಿ ಆಕಾಶ, ತಂತಿ, ನನ್ನ ಬೋಳುತಲೆ, ಎಡಗಡೆ ಅರ್ಧ ಬಿಳಿ, ಹಚ್ಚಿದ ವ್ಯಾಕ್ಸ್ ಹಚ್ಚಿದ ಹಾಗೇ ಒಣಗಿ ಸುಣ್ಣ ಬಳಿದ ಹಾಗೆ, ನಡುವೆ ಮೇಲಿಂದ ಕೆಳಗೆ ಒಂದು ಗೆರೆ, ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ. ಹಚ್ಚುವಾಗ ನಾನೇ ಕರೆದದ್ದಕ್ಕೆ ಅವನು ಎಡಪಕ್ಕಕ್ಕೆ ಬಂದಿದ್ದ, ಡಿಕ್ಕಿಯ ಎಡತುದಿಯಲ್ಲಿ ನಿಂತು ಹಚ್ಚಿದ್ದ, ಒರೆಸಿದ್ದು ಮಾತ್ರ ನಟ್ಟ ನಡುವೆ ನಿಂತು. ನನಗೆ ರೇಗಿತು, ಬಾಯಿಗೆ ಬಂದೇಬಿಟ್ಟಿತು, ಇದೇನಣ್ಣ ಅರ್ಧಂಬರ್ಧ ಕೆಲಸ, ಬೆಳಗಿನಿಂದ ನೀರಲ್ಲಿ ನೆನೆದು ಸಾಯ್ತಿದೀನಿ ನಾನು, ನೀನು ತಮಾಷೆ ಮಾಡ್ತೀಯಾ. ಅವನು ನಕ್ಕ. ಏನು ಅರ್ಧ, ಮೂಲೆ ಮೂಲೆ ಒರೆಸಿದೀನಿ, ಕಣ್ಣು ತೋರಿಸ್ಕೋ ಹೋಗು. ಹಾಗಂತ ಆ ಬಿಳಿಯ ಕಡೆ ತಿರುಗಲೂ ಇಲ್ಲ. ತಮಾಷೆಯಲ್ಲ. ತಮಾಷೆ ಮಾಡುವಾಗ ಅವನ ಮೀಸೆ ಒಂದು ಕಡೆ ಏಳುತ್ತೆ, ಈಗ ಎದ್ದಿಲ್ಲ, ಮೀಸೆ — ಅವನ ಎಡಗೆನ್ನೆಯ ಮೇಲೆ ಗಡ್ಡ ಹಾಗೇ ಇದೆ, ಬಲಗೆನ್ನೆ ನುಣುಪು, ಇದಕ್ಕೂ ನಕ್ಕಿದ್ದೆವಲ್ಲ ಮೊನ್ನೆ, ಬ್ಲೇಡು ಉಳಿಸ್ತಿದೀಯಾ ಅಂತ ನಾನೇ ಕೇಳಿದ್ದೆನಲ್ಲ. ತಟ್ಟೆಯಲ್ಲಿ ಎಡಗಡೆ ಅನ್ನ ಬಿಟ್ಟು ಏಳುತ್ತಾನೆ, ಅತ್ತಿಗೆ ಮುಖ ಊದಿಸಿಕೊಂಡು, ನನ್ನ ಅಡುಗೆ ಈಗ ರುಚಿಸಲ್ಲ ನಿಮ್ಮಣ್ಣಂಗೆ, ಇಷ್ಟು ವರ್ಷ ಉಂಡದ್ದು ಸಾಕಾಯ್ತೇನೋ, ತಟ್ಟೆ ತಿರುಗಿಸಿ ಇಟ್ಟರೆ ಮಾತ್ರ ತಿಂತಾರೆ, ಚಿಕ್ಕ ಮಕ್ಕಳ ಹಾಗೆ. ತಿರುಗಿಸಿ ಇಟ್ಟರೆ ತಿಂತಾನೆ. ಮಳೆ ನಿಂತ ವಾರ ತಲೆನೋವು ಅಂತ ಒಂದಿಡೀ ದಿನ ಮಲಗಿದ್ದ, ಯಾವತ್ತೂ ಹಗಲು ಮಲಗದವನು, ಡಾಕ್ಟ್ರ ಹತ್ರ ಹೋಗೋಣ ಅಂದ್ರೆ ಒಂದು ಮಾತ್ರೆ ನುಂಗಿ ಎದ್ದು ಕೂತ, ನಾವೂ ಸುಮ್ಮನಾದೆವು, ಆಮೇಲೆಯೇ ಈ ಗೀಟು, ಆಮೇಲೆಯೇ ಎಲ್ಲ. ಅವನಿಗೆ ಎಡಗಡೆ ಕಾಣುತ್ತಿಲ್ಲ. ಕಾಣುತ್ತಿಲ್ಲ ಅನ್ನೋದೂ ಅವನಿಗೆ ಗೊತ್ತಿಲ್ಲ. ಆ ಕಡೆ ಅನ್ನೋದೇ ಅವನ ಪಾಲಿಗೆ ಇಲ್ಲ.

ನಾಳೆ ಬೆಳಗ್ಗೆ ಅತ್ತಿಗೆಯನ್ನು ಅವಳ ಅಕ್ಕನ ಮನೆಗೆ ಕರೆದುಕೊಂಡು ಹೋಗುತ್ತಾನಂತೆ, ಬೆಟ್ಟದ ದಾರಿ, ಹೋಗುವಾಗ ಎಡಕ್ಕೆ ಪ್ರಪಾತ, ಅತ್ತಿಗೆ ಕೂರೋದು ಎಡಗಡೆ ಸೀಟಲ್ಲಿ. ನಿಮ್ಮಣ್ಣ ಸ್ಟೇರಿಂಗ್ ಹಿಡಿದ್ರೆ ನಂಗೆ ಅಮ್ಮನ ತೊಡೆ ಮೇಲಿದ್ದ ಹಾಗೆ, ಮೊದಲ ತಿರುವಿಗೇ ನಿದ್ದೆ ಅಂತಾಳೆ ಯಾವಾಗಲೂ. ನಾನು ಓಡಿಸ್ತೀನಿ ಅನ್ನೋಣ ಅಂದ್ರೆ ನನಗೆ ಬರಲ್ಲ, ಕಲಿಸೋಕೆ ಬಂದವನು ಅಣ್ಣನೇ, ಎದುರು ಬಂದವರ ಜೊತೆಗೆಲ್ಲ ಇಳಿದು ಜಗಳಕ್ಕೆ ನಿಂತ್ರೆ ಗಾಡಿ ಯಾರಪ್ಪ ಓಡಿಸ್ತಾನೆ ಅಂತ ಬಿಟ್ಟುಬಿಟ್ಟ. ಬೇಡ ಅನ್ನಬೇಕು. ಹೇಗೆ ಅನ್ನಲಿ, ಅಪ್ಪ ಹೋದ ಮೇಲೆ ನನ್ನ ಕಿವಿ ಹಿಂಡಿ ಬೆಳೆಸಿದವನು, ಅವನಿಗೆ ನೀನು ಗಾಡಿ ಮುಟ್ಟಬೇಡ ಅಂತ, ಅದಕ್ಕಿಂತ ನಿನಗೆ ಕೈ ಇಲ್ಲ ಕಾಲಿಲ್ಲ ಅನ್ನೋದು ವಾಸಿ. ಯಾರ ಮೇಲಾದರೂ ಕೂಗಾಡೋಣ ಅಂದರೆ ಯಾರೂ ಇಲ್ಲ, ಮೇಷ್ಟ್ರು ಕೂಡ ಇಲ್ಲ. ಅತ್ತಿಗೆ ಟೀ ತಂದಳು, ಅವನ ಎಡಪಕ್ಕಕ್ಕೇ ಬಂದು ಲೋಟ ಚಾಚಿ ನಿಂತಳು. ಅವನು ನನ್ನನ್ನು ನೋಡಿಕೊಂಡು, ಎಲ್ಲೋ ನಿಮ್ಮತ್ತಿಗೆ, ಟೀ ಅಂತ ಹೋದವಳು ತೋಟಕ್ಕೇ ಹೋದ್ಲಾ ಎಲೆ ಕೀಳೋಕೆ ಅಂದ. ರೀ, ಕಣ್ಣೆದುರಿಗೆ ನಿಂತಿದೀನಿ, ಏನು ನಿಮ್ಮ ನಾಟಕ ಅಂತ ಅವಳು ನಕ್ಕಳು, ಅವನೂ ದನಿ ಬಂದ ಕಡೆ ತಿರುಗಿ ನಕ್ಕ, ನಾನು ನಗಲಿಲ್ಲ. ಬಾಕಿ ಬಂದ ಮೇಲೆ ಮುಗಿಸೋಣ, ಕೀ ಕೊಡೋ, ಪೆಟ್ರೋಲ್ ಹಾಕಿಸ್ಕೊಂಡು ಬರ್ತೀನಿ ಅಂದ.

ಕೀ ನನ್ನ ಅಂಗಿ ಜೇಬಲ್ಲಿದೆ, ಬೆಳಗ್ಗೆ ಒಳಗಿನ ಮ್ಯಾಟು ತೆಗೆಯೋಕೆ ಇಸ್ಕೊಂಡಿದ್ದೆ. ಬೀದಿ ತುದಿಯಲ್ಲಿ ಯಾರೋ ಸೈಕಲ್ ಬೆಲ್ ಮಾಡುತ್ತಾ ಹೋದರು, ಯಾವ ಕಡೆಯಿಂದ, ಎಡಗಡೆಯಿಂದ. ತೆಗೆದೆ. ಅವನ ಕೈಗೆ ಕೊಡಲಿಲ್ಲ, ಡಿಕ್ಕಿಯ ಮೇಲೆ ಇಟ್ಟೆ, ಗೆರೆಯ ಎಡಗಡೆ, ಆ ಒಣಗಿದ ಬಿಳಿಯ ನಟ್ಟ ನಡುವೆ, ಕೀ ಜೊತೆ ಅವನ ಬಸ್ಸಿನ ಕಾಲದ ಹಿತ್ತಾಳೆ ಬಿಲ್ಲೆ, ಕುರುಡನಿಗೂ ಕಾಣಬೇಕು ಅಷ್ಟು ಎದ್ದು ಕಾಣುತ್ತಿದೆ. ಅಲ್ಲೇ ಇಟ್ಟಿದೀನಿ ತಗೋ ಅಣ್ಣ ಅಂದೆ. ಎಲ್ಲೋ ಅಂದ. ಡಿಕ್ಕಿ ಮೇಲೆ, ನಿನ್ನ ಮುಂದೇನೇ. ಅವನು ನೋಡಿದ, ಹೊಳೆಯುವ ಕಡೆ ನೋಡಿದ, ಆಕಾಶ ನೋಡಿದ ಅದರಲ್ಲಿ, ಇಲ್ವಲ್ಲೋ, ಆಟ ಆಡ್ಬೇಡ ಅಂತ ಅಂಗೈ ಇಟ್ಟು ತಡವಿದ, ಬಲ ತುದಿಯಿಂದ ಸವರುತ್ತಾ ಬಂದ, ಎಣ್ಣೆ ಹಚ್ಚುವ ಆ ಕೈ, ಗೆರೆಯವರೆಗೆ ಬಂತು, ನಿಂತಿತು, ತಿರುಗಿ ಹೋಯಿತು. ಅತ್ತಿಗೆಯ ನಗು ಅರ್ಧಕ್ಕೆ ಉಳಿಯಿತು, ಲೋಟ ಹಿಡಿದ ಕೈ ಹಾಗೇ ಚಾಚಿದೆ, ಅವಳು ಕೀ ನೋಡುತ್ತಾಳೆ, ಅವನ ಕೈ ನೋಡುತ್ತಾಳೆ, ನನ್ನ ನೋಡುತ್ತಾಳೆ — ಮತ್ತೆ ಬಂತು ಕೈ, ಗೆರೆ ಮುಟ್ಟಿತು, ನಿಂತಿತು, ತಿರುಗಿ ಹೋಯಿತು — ಕೊಡೋ ಕೀ ಅಂತಿದ್ದಾನೆ — ಬಿಳಿ, ಗೆರೆ, ಕೈ — ಮತ್ತೆ ಬರುತ್ತಿದೆ, ಗೆರೆಯವರೆಗೆ ಬಂದು ನಿಲ್ಲುತ್ತೆ