ಮೀನು ತಿರುಗಿಸುವ ಹೊತ್ತು

ಮೂಗು ನನಗೆ ಕೈಕೊಟ್ಟು ಕೆಲವು ವಾರಗಳಾಗಿದ್ದವು. ಧೂಳುಗಾಳಿಯ ದಿನಗಳಲ್ಲಿ ಬಂದ ಜ್ವರ ಹೋಗುವಾಗ ವಾಸನೆ, ರುಚಿ, ಖಾರ ಎಲ್ಲವನ್ನೂ ಗಂಟು ಕಟ್ಟಿಕೊಂಡು ಹೋಯಿತು. ಬೇರೆ ಯಾರಿಗಾದರೂ ಹೀಗಾಗಿದ್ದರೆ ಮೊದಲು ನಗುತ್ತಿದ್ದವಳು ನಾನೇ. ಆದರೆ ನಾನು ಕ್ಪಾಂಗ್ ಪೇಟೆಯಲ್ಲಿ ಬಂಕು ಎನ್ನುವ ಹುಳಿಮುದ್ದೆ ಮಾರಿ ಬದುಕುವವಳು. ಮುಸುಕಿನ ಜೋಳ, ಮರಗೆಣಸುಗಳ ಹಿಟ್ಟು ಎಷ್ಟು ಹುಳಿ ಬಂದಿದೆ ಎಂದು ಮುಚ್ಚಳ ತೆಗೆಯದೆ ಹೇಳುತ್ತಿದ್ದವಳು. ಈಗ ಪಾತ್ರೆಯೊಳಗೆ ಮೂಗು ತೂರಿಸಿದರೂ ಗೋಡೆ ಮೂಸಿದ ಹಾಗೆ. ಜ್ವರದ ಸುಸ್ತು ಇನ್ನೂ ಇದೆ ಎಂಬ ನೆಪ ಹೇಳಿ ಅಂಗಡಿ ಮುಚ್ಚಿದ್ದೆ.

ಮಗಳು ಮಾಮ್ಲೆಗೆ ಇದನ್ನು ಹೇಳಿರಲಿಲ್ಲ. ಅವತ್ತು ನಾರ್ಟೆಯ ಮನೆಯವರು ಹೆಣ್ಣು ಕೇಳಲು, ನಮ್ಮ ಬಾಗಿಲು ತಟ್ಟಲು ಬರುವವರಿದ್ದರು. ಹುಡುಗ ದೂರದ ಟಾಕೊರಾಡಿಯಲ್ಲಿ ಮೇಷ್ಟ್ರು. ಹಿಂದೊಮ್ಮೆ ನನ್ನ ಕಾಲು ಉಳುಕಿದ್ದಕ್ಕೇ ಮಾಮ್ಲೆ ಈ ಮಾತನ್ನು ಮುಂದೂಡಿದ್ದಳು. ಅಮ್ಮನ ಮೂಗು ಹೋಗಿದೆ ಎಂದು ಗೊತ್ತಾದರೆ ಮದುವೆಯೇ ಬೇಡ ಎನ್ನುವವಳು. ಅವಳು ಸಭೆಯಲ್ಲಿ ಬಾಯಿಬಿಟ್ಟು "ಒಪ್ಪಿಗೆ" ಎನ್ನುವ ತನಕ ಹೇಗಾದರೂ ಮುಚ್ಚಿಡಬೇಕಿತ್ತು.

ಬೆಳಕು ಹರಿಯುತ್ತಲೇ ಹಿಟ್ಟಿನ ಬಟ್ಟಲನ್ನು ಸೆರಗಿನ ಬಟ್ಟೆಯಲ್ಲಿ ಮುಚ್ಚಿಕೊಂಡು ದೆದೆಯ ಮನೆಗೆ ಹೋದೆ. ದೆದೆ ನನ್ನ ಗಂಡನ ಅಕ್ಕ. ಗಂಡ ತೀರಿಕೊಂಡಾಗ ನೆಂಟರೆಲ್ಲರ ಮುಂದೆ "ಇದೂ ಒಂದು ಬಂಕಾ?" ಎಂದು ನನ್ನ ಕೈಯಿಂದ ಮುದ್ದೆಕೋಲು ಕಿತ್ತುಕೊಂಡವಳು. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಆದರೆ ಊರಲ್ಲಿ ನನ್ನನ್ನು ಬಿಟ್ಟರೆ ಹಿಟ್ಟು ಬಲ್ಲವಳು ಅವಳೊಬ್ಬಳೇ, ಏನು ಮಾಡಲಿ?

"ಏನು ಮಾಕು, ದಾರಿ ತಪ್ತಾ?" ಎಂದಳು.

"ಇಲ್ಲ ಅತ್ತಿಗೆ. ಇದನ್ನೊಂಚೂರು ನೋಡಿ."

"ಯಾಕೆ, ನಿನ್ನ ಮೂಗಿಗೇನು ಬಂತು ಧಾಡಿ?"

ಹೇಳಿಬಿಟ್ಟೆ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ಬೆರಳ ತುದಿಯಲ್ಲಿ ಹಿಟ್ಟು ತೆಗೆದು ನಾಲಗೆಗಿಟ್ಟಳು.

"ಸಪ್ಪೆ. ರಾತ್ರಿ ಚಳಿಗೆ ಹುಳೀನೇ ಬಂದಿಲ್ಲ. ಆ ಹುಡುಗನ ಸೋದರತ್ತೆ ಬಾಯಿಗೆ ಇದನ್ನ ಹಾಕಿದ್ರೆ ಸಂಜೆಯೊಳಗೆ ಊರೆಲ್ಲ ಡಂಗುರ. ನನ್ನ ಹತ್ರ ಹಳೇ ಹಿಟ್ಟಿದೆ, ಅರ್ಧಕ್ಕರ್ಧ ಕಲ್ಸೋಣ. ಮಗಳಿಗೆ ಗೊತ್ತಾ?"

"ಗೊತ್ತಾದ್ರೆ ಹೋಗ್ತಾಳಾ ಅತ್ತಿಗೆ?"

ಅವಳು ಹಳೇ ಹಿಟ್ಟಿನ ಪಾತ್ರೆ ಎತ್ತಿಕೊಂಡು ಚಪ್ಪಲಿ ಮೆಟ್ಟಿದಳು.

ದಾರಿಯುದ್ದಕ್ಕೂ ನನಗೆ ಒಂದೇ ಅನುಮಾನ. ನನ್ನ ಹಿಟ್ಟು ಸರಿಯಾಗಿಯೇ ಇದ್ದು, ಇವಳೇ ಕೆಡಿಸಲು ಬರುತ್ತಿದ್ದರೆ? ಕುರಿ ಕಾಯಲು ತೋಳವನ್ನು ಬಿಟ್ಟ ಹಾಗಾಯಿತೇ? ನಮ್ಮ ಒಲೆಯ ಮುಂದೆ ಅವಳು ಪಾತ್ರೆಗೆ ಆನಿಸಿದ ಕಬ್ಬಿಣದ ಸರಳುಗಳನ್ನು ಕಾಲಿಂದ ಒತ್ತಿ ಅದು ಅಲುಗದಂತೆ ಹಿಡಿದಳು, ನಾನು ಎರಡೂ ಕೈಯಿಂದ ಕೋಲು ತಿರುವಿದೆ. ಹಿಟ್ಟು ಗಟ್ಟಿಯಾಗಿ ಕೊತಕೊತ ಗುಳ್ಳೆ ಬಿಟ್ಟಿತು. "ಇನ್ನೂ ತಿರುವು, ಗಂಟಿದೆ," ಎಂದಳು. ಗಂಟು ಕಾಣಲಿಲ್ಲ, ಆದರೂ ತಿರುವಿದೆ. ಅರೆದ ಮೆಣಸಿನಕಾಯಿಗೆ ಉಪ್ಪನ್ನೂ ಅವಳೇ ಹಾಕಿದಳು. ಎಷ್ಟು ಹಾಕಿದಳೋ ದೇವರೇ ಬಲ್ಲ.

ಅಷ್ಟರಲ್ಲಿ ನೆಂಟರು ಬಂದರು. ಊಟದ ಹೊತ್ತಿಗೆ ಬಿಸಿಯಾಗಿರಲೆಂದು ಶುಂಠಿ ಬೆಳ್ಳುಳ್ಳಿ ಸವರಿದ ತಿಲಾಪಿಯ ಮೀನುಗಳನ್ನು ಹಿತ್ತಲ ಕೆಂಡದ ಮೇಲಿನ ಜಾಲರಿಯಲ್ಲಿಟ್ಟು ನಾನೂ ಒಳಗೆ ಬಂದು ಕೂತೆ. ಮೀನನ್ನು ಯಾವಾಗ ತಿರುಗಿಸಬೇಕೆಂದು ನಾನು ಎಂದೂ ಲೆಕ್ಕ ಇಟ್ಟವಳಲ್ಲ. ಮೂಗೇ ಎಬ್ಬಿಸಿ ಕಳಿಸುತ್ತಿತ್ತು.

ಹುಡುಗನ ಕಡೆಯವರು ಮದ್ಯದ ಬಾಟಲಿಗಳನ್ನು ನೆಲದ ಮೇಲಿಟ್ಟರು. ಅವನ್ನು ತಗೊಳ್ಳಿ ಎಂದು ಹುಡುಗಿ ಹೇಳಿದರೆ ಒಪ್ಪಿಗೆ ಎಂದರ್ಥ, ಅದನ್ನು ಮೂರು ಸಲ ಕೇಳುವುದು ನಮ್ಮಲ್ಲಿ ರೂಢಿ. ಗಂಡನ ಅಣ್ಣ ಸಾಕಿತೆ ಗಂಟಲು ಸರಿಮಾಡಿಕೊಂಡು ಕೇಳಿದರು: "ಮಾಮ್ಲೆ, ಇವರು ತಂದಿದ್ದನ್ನ ತಗೊಳ್ಳೋದೋ, ವಾಪಸ್ ಕೊಡೋದೋ?"

ಮಾಮ್ಲೆ ನಗುತ್ತಾ ಬಾಯಿ ತೆರೆದಳು. ಸಟ್ಟನೆ ಹಿತ್ತಲ ಕಡೆ ನೋಡಿದಳು. ಆಮೇಲೆ ನನ್ನ ಕಡೆ. ನಗು ಮಾಯವಾಯಿತು.

"ಎರಡನೇ ಸಲ ಕೇಳ್ತಿದೀನಿ ಮಗಳೇ."

ಮಾತಿಲ್ಲ. ಹುಡುಗ ಇಷ್ಟವಿಲ್ಲವೇ? ನಾರ್ಟೆ ಪಾಪ ತಲೆ ತಗ್ಗಿಸಿದ. ಅವನ ಸೋದರತ್ತೆ ಮೂಗು ಸಿಂಡರಿಸಿದಳು. ನಮ್ಮ ಮನೆ ನೋಡಿ ಮೂಗು ಮುರಿಯುತ್ತಿದ್ದಾಳೆ ಎಂದು ನನಗೆ ಮೈಯೆಲ್ಲ ಉರಿಯಿತು. ಆಗ ಸಾಕಿತೆಯವರೂ ಕರವಸ್ತ್ರ ತೆಗೆದರು. ಮಾಮ್ಲೆ ಮಾತ್ರ ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಬಾಗಿಲಿನಿಂದ ಒಳಗೆ ಹೊಗೆ ಬರುವುದು ಕಂಡ ಮೇಲಷ್ಟೇ ನನಗೆ ಹೊಳೆದದ್ದು. ಮೀನು ಸೀಯುತ್ತಿತ್ತು. ಎಲ್ಲರಿಗೂ ಗೊತ್ತಾಗಿತ್ತು, ನನ್ನೊಬ್ಬಳನ್ನು ಬಿಟ್ಟು.

ಏಳಲು ಹೋದೆ. ದೆದೆ ನನ್ನ ಭುಜ ಅದುಮಿ ಕೂರಿಸಿದಳು.

"ಅಯ್ಯೋ, ನನ್ನ ಬುದ್ಧಿಗಿಷ್ಟು! ಮೀನು ನೋಡ್ಕೋತೀನಿ ಅಂತ ಹೇಳಿ ಮಾತು ಕೇಳ್ತಾ ಕೂತ್ಬಿಟ್ಟೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಹಿತ್ತಲಿಗೆ ಹೊರಟವಳು ಮಾಮ್ಲೆಯ ಮುಂದೆ ನಿಂತಳು. "ಏನೇ ಹುಡುಗಿ, ನಾಳೆಯಿಂದ ಈ ಮನೆ ಹಿಟ್ಟು ನನ್ನ ಮೂಗಿನ ಕೆಳಗೇ ಹುಳಿಯೋದು. ಮೀನೂ ಅಷ್ಟೇ. ನಿಮ್ಮಮ್ಮ ಬೇಡ ಅಂದ್ರೂ ಬರ್ತೀನಿ, ಬೈದ್ರೂ ಬರ್ತೀನಿ. ಈಗ ದೊಡ್ಡಪ್ಪಂಗೆ ಉತ್ತರ ಕೊಡು."

ನೆಂಟರಿಗೆ ತಲೆಬುಡ ತಿಳಿಯಲಿಲ್ಲ. ಮಾಮ್ಲೆಗೆ ತಿಳಿಯಿತು.

"ಮೂರನೇ ಸಲ," ಎಂದರು ಸಾಕಿತೆ.

"ತಗೊಳ್ಳಿ ದೊಡ್ಡಪ್ಪ," ಎಂದಳು ಮಗಳು.

ಊಟಕ್ಕೆ ಕೂತಾಗ ಸೋದರತ್ತೆ ಬಂಕು ಮುರಿದು ಮೆಣಸಿನಕಾಯಿಗೆ ಅದ್ದಿ ಬಾಯಿಗಿಟ್ಟಳು. "ಹುಳಿ ಹದವಾಗಿ ಬಂದಿದೆ. ಆದ್ರೆ ಮೀನು ಸುಟ್ಟ ಪುಣ್ಯಾತ್ಗಿತ್ತಿ ಯಾರು?" ಎಂದಳು.

"ನಾನೇ," ಎಂದಳು ದೆದೆ. "ಇನ್ನೊಂದು ಮಗ್ಗುಲು ಚೆನ್ನಾಗಿದೆ, ತಿರುಗಿಸ್ಕೊಂಡು ತಿನ್ನಿ."

ನಾನೂ ಅತ್ತಿಗೆಯೂ ಒಂದೇ ಬಟ್ಟಲಿಗೆ ಕೈಹಾಕಿದೆವು. ಮಾಮ್ಲೆ ಬಂದು ನನ್ನ ಪಕ್ಕ ಕೂತು, ಕಪ್ಪಾಗದ ಕಡೆಯಿಂದ ಮೀನು ಬಿಡಿಸಿ ನನ್ನ ಮುಂದಿಟ್ಟಳು.

"ವಾಸನೆ ಬಂದ ದಿನ ನಂಗೆ ಫೋನ್ ಮಾಡ್ತೀಯಾ ಅಮ್ಮ?" ಎಂದು ಮೆಲ್ಲಗೆ ಕೇಳಿದಳು.

ನನಗೆ ಅಳು ಉಕ್ಕಿ ಬಂತು. ನೆಂಟರು ನೋಡುತ್ತಿದ್ದರು. "ಮೆಣಸಿನಕಾಯಿ ಬಲು ಖಾರ," ಎಂದು ಕಣ್ಣೊರೆಸಿಕೊಂಡೆ. ನನಗೆ ಖಾರವೂ ಗೊತ್ತಾಗುವುದಿಲ್ಲ ಎಂದು ಬಲ್ಲ ಅತ್ತಿಗೆ, "ಹೌದು, ಸ್ವಲ್ಪ ಜಾಸ್ತಿಯಾಯ್ತು," ಎಂದು ನೀರಿನ ಲೋಟ ನನ್ನ ಕಡೆ ಸರಿಸಿದಳು.