ನಿಂತ ಲಿಫ್ಟಿಗೆ ಎರಡು ಗುಂಡಿ

ಲಿಫ್ಟ್ ರಿಪೇರಿ ಕಂಪನಿಯ ದೂರಿನ ಕೋಣೆಯಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಪಕ್ಕದ ಮೇಜಿನ ನಾದಿನಿಯೇ ಹಟ ಹಿಡಿದು ಅವಳನ್ನು ಈ ಕೆಲಸಕ್ಕೆ ಎಳೆದು ತಂದವಳು. ಮಕ್ಕಳು ದೊಡ್ಡವರಾಗುವವರೆಗೂ ಒಲೆಯ ಮುಂದಿನಿಂದ ಕದಲದವಳಿಗೆ ಕುರ್ಚಿ, ಫೋನು, ಕಂಪ್ಯೂಟರು ಎಲ್ಲವೂ ಒಗ್ಗಿದವು. ಒಗ್ಗದೆ ಉಳಿದದ್ದು ಪರದೆಯ ಮೇಲಿನ ಎರಡು ಇಂಗ್ಲಿಷ್ ಗುಂಡಿಗಳು: ಸ್ಟಾಪ್ಡ್ ಮತ್ತು ಸ್ಟಕ್.

ಡಿಕ್ಷನರಿ ತೆಗೆದರೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ. ಫೋನ್ ಮಾಡುವ ಮಹಾನುಭಾವರೂ "ಲಿಫ್ಟ್ ನಿಂತೋಗಿದೆ" ಅಂದು ಕೈತೊಳೆದುಕೊಳ್ಳುತ್ತಾರೆ. ಆದರೆ ಮೊದಲನೆಯದನ್ನು ಒತ್ತಿದರೆ ಮೆಕ್ಯಾನಿಕ್ ಸರದಿ ಬಂದಾಗ ಹೋಗುತ್ತಾನೆ. ಎರಡನೆಯದನ್ನು ಒತ್ತಿದರೆ ಒಳಗೆ ಮನುಷ್ಯರಿದ್ದಾರೆಂದು ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಾನೆ. ಹೋದ ವಾರ ಅತ್ತಿಗೆ ಎರಡನೆಯದನ್ನು ಒತ್ತಿ, ಊಟಕ್ಕೆ ಕೂತಿದ್ದ ಮೆಕ್ಯಾನಿಕ್ಕನನ್ನು ಎಬ್ಬಿಸಿ, ಖಾಲಿ ಲಿಫ್ಟಿನ ಮುಂದೆ ನಿಲ್ಲಿಸಿದ್ದಳು. ಅವನು ಬಂದು ಕೋಣೆಯನ್ನೇ ತಲೆಯ ಮೇಲೆ ಹೊತ್ತುಕೊಂಡ. ಮೇಲ್ವಿಚಾರಕಿ ಕಡ್ಡಿ ಮುರಿದಂತೆ ಹೇಳಿಬಿಟ್ಟರು, "ಇನ್ನೊಂದ್ಸಲ ಹೀಗಾದ್ರೆ ನೀವು ಮನೇಲೇ ಇದ್ಬಿಡಿ." ಬೈಗುಳಕ್ಕಿಂತ ನಾದಿನಿಯ ಸಪ್ಪೆ ಮುಖ ಅತ್ತಿಗೆಯನ್ನು ಹೆಚ್ಚು ಚುಚ್ಚಿತು.

ಇವತ್ತು ಮಧ್ಯಾಹ್ನ ಒಂದು ಕರೆ ಬಂತು. ಸ್ಪೀಕರಿನಲ್ಲಿ ವಯಸ್ಸಾದ ಹೆಂಗಸಿನ ಮೆತ್ತನೆಯ ದನಿ.

"ಲಿಫ್ಟ್ ನಿಂತಿದೆಯಮ್ಮ. ಅವಸರ ಏನಿಲ್ಲ, ಪುರುಸೊತ್ತಾದಾಗ ಯಾರನ್ನಾದ್ರೂ ಕಳ್ಸಿ."

ಬೆನ್ನ ಹಿಂದೆಯೇ ನಿಂತಿದ್ದ ಮೇಲ್ವಿಚಾರಕಿ, "ಅವಸರ ಇಲ್ವಂತಲ್ಲ, ಸ್ಟಾಪ್ಡ್ ಒತ್ತಿ" ಎಂದರು.

ಅತ್ತಿಗೆಯ ಬೆರಳು ಅತ್ತ ಹೋದದ್ದು ಅಲ್ಲೇ ನಿಂತಿತು. ಆ ದನಿಯ ಪರಿಚಯ ಅವಳಿಗೆ ಚೆನ್ನಾಗಿಯೇ ಇತ್ತು. ಮೈ ಕೆಂಡದಂತೆ ಸುಡುವಾಗಲೂ "ನನಗೇನೂ ಆಗಿಲ್ಲ, ನೀವು ಊಟ ಮಾಡಿ" ಎಂದು ಮನೆಯವರಿಗೆ ತಾನು ಹೇಳುತ್ತಿದ್ದದ್ದು ಇದೇ ದನಿಯಲ್ಲಿ.

"ಅಜ್ಜಿ, ನೀವೀಗ ಎಲ್ಲಿದ್ದೀರಿ?"

"ಇಲ್ಲೇ, ಲಿಫ್ಟ್ ಒಳಗೆ. ಕತ್ತಲೆ, ಸ್ವಲ್ಪ ಸೆಕೆ, ಅಷ್ಟೇ. ಯಾರಿಗೂ ತೊಂದ್ರೆ ಕೊಡ್ಬೇಡಿ."

ಅತ್ತಿಗೆ ಯಾರ ಮುಖವನ್ನೂ ನೋಡದೆ ಸ್ಟಕ್ ಒತ್ತಿದಳು.

"ತೊಂದ್ರೆ ಕೊಡಿ ಅಜ್ಜಿ! ತೊಂದ್ರೆ ತಗೊಳ್ಳೋಕೇ ನಮಗೆ ಸಂಬಳ ಕೊಡೋದು."

ಬಾಗಿಲು ತೆರೆಯುವವರೆಗೂ ಅವಳು ಫೋನ್ ಇಡಲಿಲ್ಲ. ಮೊಮ್ಮಕ್ಕಳ ತಂಟೆಯಿಂದ ಮಂಡಿನೋವಿನವರೆಗೆ ಅಜ್ಜಿಯನ್ನು ಮಾತಾಡಿಸುತ್ತಲೇ ಇದ್ದಳು. ಆಮೇಲೆ ಅದೇ ಫೋನಿನಲ್ಲಿ ಮೆಕ್ಯಾನಿಕ್ಕನ ಏದುಸಿರು ಕೇಳಿಸಿತು.

"ಅತ್ತಿಗೆ, ಅಜ್ಜಿ ಹೊರಗೆ ಬಂದ್ರು! ಬೆವತು ತೊಯ್ದೋಗಿದ್ರು. ಇನ್ನೂ ತಡ ಆಗಿದ್ರೆ ಕಷ್ಟ ಇತ್ತು. ಇನ್ಮೇಲೆ ನೀವು ಒತ್ತಿದ್ರೆ ತಟ್ಟೆ ಬಿಟ್ಟಾದ್ರೂ ಓಡ್ತೀನಿ."

ಕೋಣೆಯೆಲ್ಲ ಚಪ್ಪಾಳೆ. ನಾದಿನಿ ಕುರ್ಚಿಯಿಂದ ನೆಗೆದೆದ್ದು "ನಮ್ಮತ್ತಿಗೆ!" ಎಂದು ಕೂಗಿದಳು. ಮೇಲ್ವಿಚಾರಕಿ ಗಂಟಲು ಸರಿಮಾಡಿಕೊಂಡು, "ನಾಳೆ ಸ್ವಲ್ಪ ಬೇಗ ಬನ್ನಿ. ಎಲ್ಲಿದ್ದೀರಿ ಅಂತ ಮೊದ್ಲು ಕೇಳೋದನ್ನ ಎಲ್ರಿಗೂ ಕಲಿಸ್ಬೇಕು, ನನಗೂ ಸೇರಿ" ಎಂದರು.

ಸಂಜೆ ಹೊಸ್ತಿಲು ದಾಟಿದಾಗ ಗಂಡ ಕೇಳಿದ, "ಸುಸ್ತಾಯ್ತಾ?"

"ಏನಿಲ್ಲ" ಎಂಬುದು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದಿತ್ತು. ಅತ್ತಿಗೆ ಅದನ್ನು ನುಂಗಿದಳು.

"ಹೌದು, ತುಂಬಾ ಸುಸ್ತಾಗಿದೆ" ಎಂದು ಹಿಗ್ಗಿನಿಂದ ಕಾಲು ಚಾಚಿ ಕೂತಳು. "ಇವತ್ತು ಅಡುಗೆ ನೀವು ಮಾಡಿ."